ಹೆಸರಿಲ್ಲದ ಮಾತಿಗೆ ನಾನು ಹಾಕಿದ ಅಚ್ಚು

ಒಬ್ಬ ಹೆಂಗಸಿನ ಅನ್ನಕ್ಕೆ ನಾನು ಕಲ್ಲು ಹಾಕಿದ ಸಂಗತಿ ಇದು. ಬೇಕೆಂದು ಹಾಕಿದ್ದಲ್ಲ. ಹಾಗೆಂದು ಕಲ್ಲು ಹಗುರವಾಗುವುದಿಲ್ಲ.

ಮದರಾಸಿನಲ್ಲಿ ನಮ್ಮದೊಂದು ಸಣ್ಣ ಅಚ್ಚುಕೂಟ ಇತ್ತು. ನನ್ನ ಗಂಡ ಘಟ್ಟದ ಕೆಳಗಿನಿಂದ ಹೋಟೆಲು ಕೆಲಸಕ್ಕೆಂದು ಬಂದವರು. ಹೋಟೆಲು ಬಿಟ್ಟು ಹೋಟೆಲಿನವರ ಬಿಲ್ಲುಪುಸ್ತಕ ಅಚ್ಚು ಹಾಕುವವರಾದರು. ಅದರ ಜೊತೆಗೆ ತಿಂಗಳಿಗೊಮ್ಮೆ ಎಂಟು ಪುಟದ ಒಂದು ಕನ್ನಡ ಪತ್ರಿಕೆ. ಯಾರ ಮನೆಯಲ್ಲಿ ಮದುವೆ, ಯಾರು ತೀರಿಕೊಂಡರು, ಕನ್ನಡದವರಿಗೆ ಯಾವ ಬೀದಿಯಲ್ಲಿ ಬಾಡಿಗೆ ಮನೆ ಸಿಗುತ್ತದೆ, ಶ್ರಾದ್ಧಕ್ಕೆ ಪುರೋಹಿತರು ಎಲ್ಲಿದ್ದಾರೆ, ಇಷ್ಟೇ ಅದರಲ್ಲಿ. ದೊಡ್ಡ ವಿಚಾರ ಬೇಕಾದವರು ದೊಡ್ಡ ಪತ್ರಿಕೆ ಓದಿಕೊಳ್ಳುತ್ತಿದ್ದರು. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಅಕ್ಷರ ಗಟ್ಟಿಯಾದದ್ದು ಗಂಡನ ಪಕ್ಕದಲ್ಲಿ ನಿಂತು ಅಚ್ಚಿನ ಸೀಸದ ಮೊಳೆ ಜೋಡಿಸುತ್ತಾ. ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ. ಇವತ್ತಿಗೂ ನನಗೆ ತಿರುಗಿದ್ದು ಬೇಗ ಓದಲಿಕ್ಕೆ ಬರುತ್ತದೆ, ನೆಟ್ಟಗಿದ್ದುದಕ್ಕೆ ಬೆರಳಿಡಬೇಕು.

ತೊಂಬತ್ತರ ದಶಕದ ಕೊನೆಗೆ ಅವರು ತೀರಿಕೊಂಡರು. ಹದಿಮೂರನೇ ದಿನ ಮುಗಿಯುವುದಕ್ಕೆ ಮೊದಲೇ ಮುಂದಿನ ತಿಂಗಳ ಪತ್ರಿಕೆಯ ಚಿಂತೆ ಬಂತು. ಕೊನೆಯ ಪುಟದ ಅಡಿಯಲ್ಲಿ ಮುದ್ರಕ, ಪ್ರಕಾಶಕ, ಸಂಪಾದಕ ಎಂದು ಅವರ ಹೆಸರಿತ್ತು. ನಮ್ಮ ಪರಿಚಯದ ಒಬ್ಬ ವಕೀಲರು, ಮೈಸೂರು ಕಡೆಯವರು, ಸತ್ತವರ ಹೆಸರಲ್ಲಿ ಪತ್ರಿಕೆ ಹೊರಡಿಸುವಂತಿಲ್ಲ ಎಂದರು. ಮಗಳು ಬ್ಯಾಂಕಿನ ನೌಕರಿಯಲ್ಲಿದ್ದಳು, ಅವಳ ಹೆಸರು ಹಾಕುವಂತಿರಲಿಲ್ಲ. ನಾನೇ ಕಚೇರಿಗೆ ಹೋಗಿ, ಮ್ಯಾಜಿಸ್ಟ್ರೇಟರ ಎದುರು, ಇನ್ನು ಮೇಲೆ ಇದರ ಹೊಣೆ ನನ್ನದು ಎಂದು ಸಹಿ ಹಾಕಿ ಬಂದೆ. ಬ್ರಿಟಿಷರ ಕಾಲದ ಕಾನೂನಂತೆ. ವಕೀಲರು ಅದನ್ನು ಒಂದೇ ಮಾತಿನಲ್ಲಿ ಹೇಳಿದರು. "ನೋಡೀಮ್ಮ, ಅದ್ರಲ್ಲಿ ಯಾರೇ ಏನೇ ಬರೆದ್ರೂ ಹಿಡಿಯೋದು ನಿಮ್ಮ ಜುಟ್ಟು."

ನನಗೆ ಅದು ಸರಿ ಅನಿಸಿತು. ಮಾತು ಅಂದ ಮೇಲೆ ಅದಕ್ಕೊಂದು ಜುಟ್ಟು ಇರಬೇಕು. ನನ್ನ ಗಂಡನ ಕಾಲದಿಂದಲೂ ಹೆಸರು ವಿಳಾಸ ಇಲ್ಲದ ಕಾಗದ ಬಂದರೆ ನಾವು ಒಲೆಗೆ ಹಾಕುತ್ತಿದ್ದೆವು. ಅಚ್ಚಾದ ಪ್ರತಿಗಳನ್ನು ಸರ್ಕಾರದ ಕಚೇರಿಗೆ ತಪ್ಪದೆ ಕಳಿಸುತ್ತಿದ್ದೆವು. ಅಲ್ಲಿ ಯಾರೂ ಓದುವುದಿಲ್ಲ ಎಂದು ಗೊತ್ತಿತ್ತು. ಆದರೂ ಕಳಿಸುತ್ತಿದ್ದೆವು.

ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷಕ್ಕೆ ಮಗಳು ಪತ್ರಿಕೆಗೆ ಒಂದು ವೆಬ್‌ಸೈಟು ಮಾಡಿದಳು. ಅದರಲ್ಲಿ ಫೋರಂ ಎಂದು ಒಂದು ಜಾಗ. ಯಾರು ಬೇಕಾದರೂ ಒಳಗೆ ಬಂದು ಬರೆಯಬಹುದು, ಹೆಸರು ಬೇಡ. ಬೆಕ್ಕು, ಹುಲಿ, ಉಡುಪಿ ಬಾಯ್ ಎಂದು ಏನಾದರೊಂದು ಇಟ್ಟುಕೊಂಡರಾಯಿತು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು.

"ಇದಕ್ಕೆ ಹೊಣೆ ಯಾರ ಹೆಸರಲ್ಲುಂಟು?" ಎಂದು ಕೇಳಿದೆ.

"ಅಮ್ಮಾ, ಇದು ಪೇಪರ್ ಇಲ್ಲಮ್ಮಾ. ಬೀದಿ ಗೋಡೆ ಮಾದರಿ. ಯಾರ್ಯಾರೋ ಅಂಟಿಸ್ತಾರೆ, ಯಾರ್ಯಾರೋ ಓದ್ತಾರೆ. ಸುಮ್ಮ ಇರು ನೀನು."

"ಗೋಡೆ ಯಾರದ್ದು?"

"ಅಯ್ಯೋ ಅಮ್ಮಾ" ಎಂದು ಅವಳು ಕಂಪ್ಯೂಟರಿನ ಕಡೆ ತಿರುಗಿದಳು.

ನನಗೆ ಕುಳಿತಲ್ಲಿ ಕುಳಿತುಕೊಳ್ಳಲಿಕ್ಕೆ ಆಗಲಿಲ್ಲ. ನಮ್ಮ ಪತ್ರಿಕೆಯ ಹೆಸರು ಹೊತ್ತುಕೊಂಡು ಏನೋ ಒಂದು ಊರೆಲ್ಲ ತಿರುಗುತ್ತದೆ, ಅದಕ್ಕೆ ನಾನು ಸಹಿ ಹಾಕಿಲ್ಲ. ಒಂದು ವಾರ ಒದ್ದಾಡಿ, ಒಬ್ಬಳೇ ಬಸ್ಸು ಹತ್ತಿ ಅದೇ ಕಚೇರಿಗೆ ಹೋದೆ. ಗುಮಾಸ್ತ ಒಬ್ಬ, ತಮಿಳಿನವನು, ನನ್ನನ್ನು ಕೂರಿಸಿ ಹಳೆಯ ಫಾರಮ್ಮನ್ನೇ ಎದುರಿಗಿಟ್ಟುಕೊಂಡ. ಅವನು ತಮಿಳಿನಲ್ಲಿ ಕೇಳಿದ, ನಾನು ನನ್ನ ತಮಿಳಿನಲ್ಲಿ ಹೇಳಿದೆ.

"ಪ್ರೆಸ್ ಎಂಗೆ ಇರುಕ್ಕು ಪಾಟಿ?"

ಪ್ರೆಸ್ಸು ಎಲ್ಲಿದೆ ಅಜ್ಜಿ ಎಂದು ಅವನು ಕೇಳಿದ್ದು. ಪ್ರೆಸ್ ಇಲ್ಲ, ಟೆಲಿಫೋನ್ ತಂತಿಯಲ್ಲಿ ಹೋಗುತ್ತದೆ ಎಂದೆ.

"ಅಚ್ಚಾಗುವ ಜಾಗ ಅಂತ ಒಂದು ಕಾಲಂ ಉಂಟಲ್ಲ. ಅದಕ್ಕೆ ಏನು ಬರೆಯಲಿ?"

"ನನ್ನ ಮಗಳ ಮೇಜು ಅಂತ ಬರಿ."

ಅವನು ಪೆನ್ನು ಕೆಳಗಿಟ್ಟು, ಪಕ್ಕದ ಮೇಜಿನವನನ್ನು ಕರೆದು ನಾನು ಹೇಳಿದ್ದನ್ನು ಹೇಳಿದ. ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ. ಇದಕ್ಕೆ ಫಾರಂ ಇಲ್ಲ, ಕಾನೂನು ಬಂದಾಗ ಬನ್ನಿ ಎಂದು ಬಾಗಿಲ ತನಕ ಬಂದು ಕಳಿಸಿಕೊಟ್ಟ. ಅಲ್ಲಿಗೆ ಸುಮ್ಮನಾಗಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ನಾನು ಸುಮ್ಮನಾಗಲಿಲ್ಲ. ಕಾನೂನು ತಿಳಿಯದವರಿಗೆ ನಾನೇ ದಾರಿ ತೋರಿಸುತ್ತೇನೆ ಎಂದುಕೊಂಡೆ. ನಮ್ಮ ಚಂದಾದಾರರಲ್ಲಿ ಮುಕ್ಕಾಲು ಪಾಲು ಮುದುಕರು. ಕಂಪ್ಯೂಟರ್ ಮುಟ್ಟಿದವರಲ್ಲ. ಅದರಲ್ಲಿ ಎಂತ ಬರೀತಾರೆ ಎಂದು ಎಲ್ಲರೂ ಕೇಳುತ್ತಿದ್ದರು. ಸರಿ, ಫೋರಂನಲ್ಲಿ ಬಂದದ್ದನ್ನು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಅಚ್ಚು ಹಾಕಿ, ಅಡಿಯಲ್ಲಿ ನನ್ನ ಹೆಸರಿನ ಸಾಲು ಕೂಡಿಸಿ, ಪತ್ರಿಕೆಯ ಒಳಗಿಟ್ಟು ಕಳಿಸುವುದು ಎಂದು ನಿಶ್ಚಯ ಮಾಡಿದೆ. ಸರ್ಕಾರಕ್ಕೂ ಪ್ರತಿ. ಆಗ ಎಲ್ಲ ಕ್ರಮಬದ್ಧ ಆಯಿತಲ್ಲ?

ಊರೆಲ್ಲ ಆಫ್‌ಸೆಟ್ಟಿಗೆ ಹೋಗಿದ್ದರೂ ನಮ್ಮದು ಕಾಲಲ್ಲಿ ತುಳಿಯುವ ಟ್ರೆಡಲ್ಲೇ. ಸಂಜೆ ಮಗಳು ಬ್ಯಾಂಕಿನಿಂದ ಬಂದು ಕಂಪ್ಯೂಟರ್ ನೋಡುತ್ತಾ ಓದುವುದು, ನಾನು ಪಕ್ಕದಲ್ಲಿ ನಿಂತು ಮೊಳೆ ಜೋಡಿಸುವುದು. ಎರಡು ತಿಂಗಳು ಏನೂ ತೊಂದರೆ ಆಗಲಿಲ್ಲ. ಯಾರೋ ತಾಂಬರಂ ಟ್ರೈನಿನ ನೂಕುನುಗ್ಗಲಿನ ಬಗ್ಗೆ ಬರೆದಿದ್ದರು, ಯಾರೋ ಬದನೆಕಾಯಿ ಮಾಡುವ ಬಗೆ. ಮೂರನೆಯ ತಿಂಗಳು ಅವಳು ಒಂದು ಓದಿದಳು. ಅದು ಹೀಗಿತ್ತು: ಟ್ರೈನಿನಲ್ಲಿ ಪಾತ್ರೆ ಹೊತ್ತು ಬರುವ ಆಂಟಿಯೊಬ್ಬರು ತಿಥಿಯ ವಡೆಗೆ ಹೋಟೆಲಿನ ಹಿಟ್ಟು ತರುತ್ತಾರೆಂದು ಕೇಳಿದ್ದೇನೆ, ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಪಿತೃಗಳಿಗೂ ಹೋಟೆಲು ರುಚಿ ಸಿಗಲಿ. ಕೊನೆಯಲ್ಲಿ ಒಂದು ನಗುವ ಮುಖದ ಗುರುತು.

ನನಗೆ ಆ ಹೆಂಗಸು ಯಾರೆಂದು ಕೂಡಲೇ ಗೊತ್ತಾಯಿತು. ಮಡಿಯಲ್ಲಿ ಶ್ರಾದ್ಧದ ಅಡುಗೆ ಮಾಡಿಕೊಡುವ ನಮ್ಮವರು ಆಗ ಊರಿನಲ್ಲಿ ನಾಲ್ಕೈದು ಮಂದಿ ಇದ್ದರು. ಟ್ರೈನಿನಲ್ಲಿ ಮುಚ್ಚಳದ ಪಾತ್ರೆ ಹಿಡಿದು ಬರುವವಳು ಒಬ್ಬಳೇ, ತಾಂಬರದವಳು. ಅವಳ ಗಂಡ ಟಿ. ನಗರದ ಒಂದು ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸದಲ್ಲಿದ್ದ. ಇರಬಹುದು ಎಂದುಕೊಂಡೆ. ಅಷ್ಟೇ. ಇರಬಹುದು ಎಂದುಕೊಂಡು ಮೊಳೆಗೆ ಕೈ ಹಾಕಿದೆ.

ಅದು ಹಾಳೆಯ ಕೊನೆಯ ಸುದ್ದಿ. ಜಾಗ ಸಾಲಲಿಲ್ಲ. ಜಾಗ ಸಾಲದಿದ್ದರೆ ಅಚ್ಚಿನವರು ಮಾಡುವುದನ್ನೇ ನಾನೂ ಮಾಡಿದೆ, ಸಾರ ಇಟ್ಟು ಜೊಳ್ಳು ತೆಗೆದೆ. ನಿಜವೋ ಸುಳ್ಳೋ ಎಂಬ ಸಾಲು ಹೋಯಿತು, ಕೇಳಿದ್ದೇನೆ ಎಂಬುದೂ ಹೋಯಿತು. ನಗುವ ಮುಖಕ್ಕೆ ನಮ್ಮಲ್ಲಿ ಮೊಳೆ ಇರಲಿಲ್ಲ. ಆಂಟಿ ಅಂದರೆ ಮುದುಕರಿಗೆ ಯಾರೆಂದು ತಿಳಿಯಬೇಕು? ತಾಂಬರದಿಂದ ಬರುವ ಅಡುಗೆಯಾಕೆ ಎಂದು ಬಿಡಿಸಿ ಹಾಕಿದೆ. ಬೆಳಿಗ್ಗೆ ಟ್ರೆಡಲ್ ತುಳಿದು, ಒಣಗಿಸಿ, ಮಡಚಿ, ಅಂಚೆಗೆ ಹಾಕಿ ಬಂದೆ. ಒಳ್ಳೆಯ ಕೆಲಸ ಮಾಡಿದವಳ ಹಾಗೆ ಕಾಫಿ ಕುಡಿದೆ.

ಹತ್ತು ದಿನಕ್ಕೆ ತಾಂಬರದವಳು ಬಂದಳು. ಬಾಗಿಲಲ್ಲೇ ನಿಂತಳು, ಕೈಯಲ್ಲಿ ಆ ಹಾಳೆ.

"ಇದು ನೀವು ಹಾಕಿದ್ದಾ ಅಕ್ಕ?"

"ಹೌದು."

"ಅಡಿಯಲ್ಲಿ ಇರುವ ಹೆಸರು ನಿಮ್ಮದಾ?"

"ನನ್ನದೇ."

"ಹಾಗಾದ್ರೆ ಹೇಳಿ. ನೀವು ಕಂಡಿದ್ದೀರಾ, ನಾನು ಹಿಟ್ಟು ತಂದದ್ದು?"

ಒಳಗೆ ಬಾ ಎಂದೆ. ಬರಲಿಲ್ಲ. ಚೀಲದಿಂದ ಆ ಮುಚ್ಚಳದ ಪಾತ್ರೆ ತೆಗೆದು ನನ್ನ ಹೊಸ್ತಿಲಿನ ಮೇಲೆ ಇಟ್ಟು ತೆರೆದಳು. ಒಳಗೆ ಒಗೆದು ಒಣಗಿಸಿ ಮಡಚಿದ ಒಂದು ಸೀರೆ ಇತ್ತು.

"ಟ್ರೈನಲ್ಲಿ ಎಷ್ಟು ಜನ ಮೈಮೇಲೆ ಬೀಳ್ತಾರೆ ಗೊತ್ತುಂಟಲ್ಲ ನಿಮಗೆ. ಮಡಿಸೀರೆಗೆ ಯಾರ ಕೈಯೂ ತಾಗಬಾರದು ಅಂತ ಇದರೊಳಗೆ ಹಾಕಿ ತರೂದು. ಆ ಮನೆಯವರ ಬಚ್ಚಲಲ್ಲಿ ಮಿಂದು ಇದನ್ನು ಉಟ್ಟು ಒಲೆ ಹತ್ತಿಸೂದು. ಹನ್ನೆರಡು ವರ್ಷದಿಂದ ಇದೇ. ಈಗ ಮುಂದಿನ ತಿಂಗಳ ಮೂರು ಮನೆ ಬೇಡ ಅಂದ್ರು. ಒಬ್ರು ಫೋನಲ್ಲಿ ಎಂತ ಕೇಳಿದ್ರು ಗೊತ್ತಾ? ನಮ್ಮ ಅಪ್ಪ ಆರು ವರ್ಷ ಉಪವಾಸ ಇದ್ರಾ ಹಾಗಾದ್ರೆ ಅಂತ. ನಾನು ಎಂತ ಹೇಳೂದು? ಅವರ ಅಪ್ಪನ್ನ ಕರೆದು ಕೇಳ್ಲಾ?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬರೆದದ್ದು ಯಾರು, ಅದನ್ನಾದ್ರೂ ಹೇಳಿ" ಎಂದಳು.

ಗೊತ್ತಿಲ್ಲ ಎಂದೆ. ಹೇಳುವಾಗ ನನ್ನ ನಾಲಗೆ ನನಗೇ ಹೇಸಿಗೆಯಾಯಿತು.

ಸಂಜೆ ಮಗಳ ಹತ್ತಿರ ಹೇಳಿದೆ. ಅವಳು ಹಾಳೆಯನ್ನೂ ಕಂಪ್ಯೂಟರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಳು. ಮುಖ ಕೆಂಪಾಯಿತು.

"ನಾನು ಓದಿದ್ದು ಇದಲ್ಲ. ತಾಂಬರಂ ಅಂತ ಎಲ್ಲಿದೆ ಇದ್ರಲ್ಲಿ? ನಿಜವೋ ಸುಳ್ಳೋ ಅಂತ ಇತ್ತಲ್ಲ, ಅದು ಎಲ್ಲಿ?"

"ಜಾಗ ಸಾಲಲಿಲ್ಲ."

"ಅಮ್ಮಾ, ಫೋರಂನಲ್ಲಿ ಇದನ್ನ ಓದಿದವ್ರು ಇಪ್ಪತ್ತು ಜನ ಇರಬಹುದು. ಅವ್ರೆಲ್ಲ ಹುಡುಗ್ರು. ತಿಥಿ ಅಂದ್ರೆ ಏನೂಂತ ತಿಳಿಯದವ್ರು. ನೀನು ಇದನ್ನ ತಿಥಿ ಮಾಡೋ ಮನೆಗೇ ಹುಡುಕಿಕೊಂಡು ಹೋಗಿ ಕೊಟ್ಟಿದ್ದೀಯ."

ಅವಳು ಆ ಬರಹವನ್ನು ಅಲ್ಲೇ ಅಳಿಸಿದಳು. ಬೆಕ್ಕು, ಹುಲಿ ಯಾವುದೋ ಒಂದು ಹೆಸರಿಟ್ಟುಕೊಂಡ ಆ ಬರೆದವನ ಗುರುತು ಹಿಡಿಯಲು ನೋಡಿದಳು, ಆಗಲಿಲ್ಲ. ಅವನು, ಇಲ್ಲ ಅವಳು, ಇವತ್ತಿಗೂ ಈ ಊರಿನಲ್ಲೇ ಎಲ್ಲೋ ಊಟ ಮಾಡಿಕೊಂಡು ಇರಬೇಕು.

ಮರುದಿನ ವಕೀಲರ ಹತ್ತಿರ ಹೋದೆವು. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು.

"ಈ ಕಂಪ್ಯೂಟರ್‌ನಲ್ಲಿ ಬಂದದ್ದಕ್ಕೆ ಯಾರು ಹೊಣೆ ಅಂತ ಕೇಳಿದ್ರೆ ನಾನು ಹೇಳಲಾರೆ ಕಣಮ್ಮ. ಹೊಸ ಕಾನೂನು ಒಂದು ಬಂದಿದೆ. ನಡುವೆ ಕೂತು ದಾಟಿಸೋರು, ಗೊತ್ತಿಲ್ಲದೆ ಆದದ್ದಕ್ಕೆ ಹೊಣೆಯಲ್ಲ ಅನ್ನೋ ಥರ ಇದೆ ಅದ್ರಲ್ಲಿ. ನಿಮ್ಮ ಮಗಳಂಥೋರಿಗೆ ಅದು ಸಲ್ಲುತ್ತೋ ಇಲ್ವೋ, ಜಡ್ಜಿಗೂ ಗೊತ್ತಿರಲಿಕ್ಕಿಲ್ಲ. ಪತ್ರಿಕೆ ಕಾನೂನಿಗೆ ಕಾಗದ ಬೇಕು, ಶಾಯಿ ಬೇಕು. ಗಾಳಿಯಲ್ಲಿ ಹೋಗೋದನ್ನ ಅದು ಕಂಡಿಲ್ಲ. ಆದ್ರೆ ಇದು ಕಾಗದ. ಅಡಿಯಲ್ಲಿ ನಿಮ್ಮ ಹೆಸರು. ಕೋರ್ಟಿಗೆ ಬೇರೆ ಸಾಕ್ಷಿ ಬೇಡ. ಯಾರ ಕೈಗೂ ಸಿಗದೆ ಹಾರಾಡ್ತಿದ್ದ ಮಾತನ್ನ ಹಿಡಿದು, ತೊಳೆದು, ನಿಮ್ಮ ಹೆಸರಿನ ಗೂಟಕ್ಕೆ ಕಟ್ಟಿದ್ದೀರಿ."

"ಈಗ ಎಂತ ಮಾಡೂದು?"

"ವಿಷಾದ ಅಂತ ಒಂದು ಸಾಲು ಹಾಕಿ. ಸುಳ್ಳು ಅಂತ ಬರೀಬೇಡಿ, ತಪ್ಪಾಯ್ತು ಅಂತಲೂ ಬರೀಬೇಡಿ. ಆಕೆ ನಾಳೆ ಕೇಸು ಹಾಕಿದ್ರೆ ಅದನ್ನೇ ತೋರಿಸ್ತಾಳೆ."

ಮನೆಗೆ ಬಂದು ಆ ವಿಷಾದದ ಸಾಲನ್ನು ಮೊಳೆಯಲ್ಲಿ ಜೋಡಿಸಿದೆ. ತಿರುಗಿದ ಅಕ್ಷರದಲ್ಲಿ ಓದಿದೆ. ಅದರಲ್ಲಿ ಏನೂ ಇರಲಿಲ್ಲ. ಯಾವುದಕ್ಕೆ ವಿಷಾದ, ಯಾರಿಗೆ ವಿಷಾದ, ಓದಿದವರಿಗೆ ಒಂದೂ ತಿಳಿಯದು. ಮೊಳೆಗಳನ್ನು ಕಿತ್ತು ಮೊಳೆಪೆಟ್ಟಿಗೆಗೆ ಹಾಕಿದೆ. ಮತ್ತೆ ಜೋಡಿಸಿದೆ, ಮತ್ತೆ ಕಿತ್ತೆ. ಮೂರು ದಿನ ಇದೇ ಕೆಲಸ. ಅನ್ನ ಸೇರಲಿಲ್ಲ ಎಂದೆಲ್ಲ ಹೇಳುವುದಿಲ್ಲ, ಸೇರಿತು. ಆದರೆ ನಿಂತು ತಿಂದೆ. ಅಷ್ಟರಲ್ಲಿ ಅವಳಿಗೆ ಇನ್ನೊಂದು ಮನೆ ತಪ್ಪಿತು ಎಂದು ಪುರೋಹಿತರೊಬ್ಬರು ಹೇಳಿದರು.

ನಾಲ್ಕನೇ ದಿನ ಟ್ರೈನು ಹತ್ತಿ ತಾಂಬರಕ್ಕೆ ಹೋದೆ. ಸ್ಟೇಶನಿನ ಹಿಂದಿನ ಸಾಲಿನಲ್ಲಿ ಒಂದೂವರೆ ಕೋಣೆಯ ಮನೆ. ಅವಳು ಬೇರೆ ಕೆಲಸ ಸಿಗದೆ ಯಾರದೋ ಅಂಗಡಿಗೆ ಹಪ್ಪಳ ಲಟ್ಟಿಸುತ್ತಿದ್ದಳು. ಎದ್ದೇಳಲಿಲ್ಲ.

"ತಿದ್ದುಪಡಿ ಹಾಕ್ತೇನೆ" ಎಂದೆ. "ಎಂತ ಹಾಕಬೇಕು ನೀನೇ ಹೇಳು. ನೀನು ಹೇಳಿದ ಹಾಗೆ ಮೊಳೆ ಜೋಡಿಸ್ತೇನೆ."

ಅವಳು ಲಟ್ಟಣಿಗೆ ನಿಲ್ಲಿಸದೆ ಹೇಳಿದಳು. "ಬರೆಯಿರಿ. ಹೋದ ತಿಂಗಳು ಹಾಕಿದ್ದು ಸುಳ್ಳು."

"ಹಾಂ."

"ನಿಮ್ಮ ಮಾತಲ್ಲೇ, ಯಾರು ಹೇಳಿದ್ದು ಅಂತ ನನಗೆ ಗೊತ್ತಿಲ್ಲ. ನಾನು ಅವಳನ್ನು ಕೇಳಲೂ ಇಲ್ಲ, ಕಾಣಲೂ ಇಲ್ಲ. ಹಾಕಿಬಿಟ್ಟೆ. ಇದನ್ನು ಬರೆಯಿರಿ."

"ಹಾಂ."

"ಪಾತ್ರೆಯಲ್ಲಿ ಇದ್ದದ್ದು ಮಡಿಸೀರೆ. ನೀವೇ ಕಂಡಿದ್ದೀರಿ."

"ಆಯ್ತು. ಇಷ್ಟು ಸಾಕಾ?"

"ಸಾಕಾಗೂದಿಲ್ಲ. ನನ್ನ ಹೆಸರು ಹಾಕಿ. ಪಕ್ಕದ ಮನೆಯ ಫೋನ್ ನಂಬರ್ ಉಂಟಲ್ಲ, ಅದನ್ನೂ ಹಾಕಿ."

ಹೆಸರು ಹಾಕಿದರೆ ತಿಳಿಯದವರಿಗೂ ತಿಳಿಯುತ್ತದಲ್ಲ ಮಾರಾಯ್ತಿ ಎಂದೆ. ಅವಳು ಈಗ ಲಟ್ಟಣಿಗೆ ನಿಲ್ಲಿಸಿದಳು.

"ಸುಳ್ಳು ಹೇಳುವಾಗ ತಾಂಬರದ ಅಡುಗೆಯಾಕೆ. ಈಗ ನಿಜ ಹೇಳುವಾಗ್ಲೂ ತಾಂಬರದ ಅಡುಗೆಯಾಕೆ. ಎಷ್ಟು ದಿನ ಅಂತ ನಾನು ಅಡ್ಡಹೆಸರಲ್ಲಿ ಇರೂದು? ಒಂದು ಶ್ರಾದ್ಧಕ್ಕೆ ಕರೀಬೇಕಾದ್ರೆ ಜನಕ್ಕೆ ಹೆಸರು ಬೇಡ್ವಾ, ನಂಬರ್ ಬೇಡ್ವಾ? ದಪ್ಪ ಅಕ್ಷರದಲ್ಲಿ ಹಾಕಿ."

ಮದುವೆ ಕಾಗದಕ್ಕೆಂದು ಇಟ್ಟಿದ್ದ ದೊಡ್ಡ ಮೊಳೆಯಲ್ಲಿ ಅವಳ ಹೆಸರು ಹಾಕಿದೆ. ಒಳಗಿನ ಹಾಳೆಯಲ್ಲಲ್ಲ, ಪತ್ರಿಕೆಯ ಮೊದಲ ಪುಟದಲ್ಲಿ. ಈ ಸಲ ಜಾಗ ಸಾಲದೆ ಒಂದು ಮದುವೆಯ ಸುದ್ದಿ ಬಿಟ್ಟೆ. ಆ ಹುಡುಗಿಯ ತಂದೆ ಬಂದು ಕೂಗಾಡಿ ಹೋದರು. ವಕೀಲರು ಪತ್ರಿಕೆ ನೋಡಿ, ನಿಮಗೆ ಬುದ್ಧಿ ಹೇಳಿದ ನನಗೇ ಬುದ್ಧಿ ಇಲ್ಲ ಎಂದು ಫೋನು ಇಟ್ಟರು. ಅವಳು ಐವತ್ತು ಪ್ರತಿ ಕೇಳಿ ತೆಗೆದುಕೊಂಡು ಹೋದಳು. ಕೇಸು ಹಾಕಲಿಕ್ಕೋ, ಹಂಚಲಿಕ್ಕೋ ಎಂದು ನಾನು ಕೇಳಲಿಲ್ಲ. ಒಂದೆರಡು ತಿಂಗಳು ಅಂಚೆಯವನ ಸೈಕಲ್ಲು ನಿಂತಾಗಲೆಲ್ಲ ಕೋರ್ಟಿನ ಕಾಗದವೇ ಎಂದು ಎದ್ದು ಹೋಗುತ್ತಿದ್ದೆ.

ಕಾಗದ ಬರಲಿಲ್ಲ. ಹಂಚಿದ್ದಳು. ಹನ್ನೆರಡು ವರ್ಷದಲ್ಲಿ ತಾನು ಅಡುಗೆ ಮಾಡಿದ ಒಂದೊಂದು ಮನೆಗೂ ಹೋಗಿ ಕೊಟ್ಟಿದ್ದಳು. ಮಗಳು ಫೋರಂಗೆ ನಿಜವಾದ ಹೆಸರು, ವಿಳಾಸ ಕೊಟ್ಟವರು ಮಾತ್ರ ಬರೆಯಬೇಕು ಎಂದು ನಿಯಮ ಮಾಡಿದಳು. ಕಾನೂನು ಕೇಳಲಿಲ್ಲ, ಅವಳೇ ಮಾಡಿದಳು. ಬೆಕ್ಕು, ಹುಲಿಗಳೆಲ್ಲ ಬೇರೆ ಗೋಡೆ ಹುಡುಕಿಕೊಂಡು ಹೋದವು. ನಾಲ್ಕು ತಿಂಗಳಿಗೆ ಅದರಲ್ಲಿ ಬರೆಯುವವರೇ ಇಲ್ಲದೆ ಹೋಯಿತು. ನನ್ನನ್ನು ಕೇಳಿದರೆ ಅದರಿಂದ ಯಾರಿಗೂ ನಷ್ಟವಿಲ್ಲ. ಮಗಳು ಹಾಗೆ ಹೇಳುವುದಿಲ್ಲ. ಒಂದು ಹೆಂಗಸು ಗಂಡನ ಹೊಡೆತದ ಬಗ್ಗೆ ಹೆಸರಿಲ್ಲದೆ ಬರೆದಿದ್ದಳಂತೆ ಅದರಲ್ಲಿ, ಅವಳು ಮತ್ತೆ ಬರಲಿಲ್ಲವಂತೆ.

ತಾಂಬರದವಳಿಗೆ ಮೊದಲು ಫೋನು ಬಂದದ್ದು ಕೀಲ್ಪಾಕಿನ ಒಂದು ಮನೆಯಿಂದ. ತಂದೆಯ ಶ್ರಾದ್ಧ. ಕರೆದರು, ಆದರೆ ಪತ್ರಿಕೆಯ ಅಮ್ಮನೂ ಜೊತೆಗೆ ಬರಲಿ ಎಂದರಂತೆ. ಸಾಕ್ಷಿಗೋ, ಜಾಮೀನಿಗೋ. ನಾನು ಹೋದೆ. ಮೊದಲ ಟ್ರೈನಿಗೆ ಬಂದ ಅವಳನ್ನು ಎಗ್ಮೋರಿನಲ್ಲಿ ಕೂಡಿಕೊಂಡು ಬಸ್ಸು ಹತ್ತಿದೆವು.

ಆ ಮನೆಯ ಯಜಮಾನಿ ಅಡುಗೆಮನೆಯ ಬಾಗಿಲಿಗೆ ಮಣೆ ಹಾಕಿಕೊಂಡು ಕೂತರು. ಉದ್ದು ನೆನೆಹಾಕುವುದನ್ನು ನೋಡಿದರು, ರುಬ್ಬುವುದನ್ನು ನೋಡಿದರು. ನಡುನಡುವೆ ಎದ್ದು ಹೋಗಿ ಏನೋ ಮರೆತವರ ಹಾಗೆ ತಿರುಗಿ ಬರುತ್ತಿದ್ದರು. ನಾನು ಹೊರಗೆ ಹಜಾರದಲ್ಲಿ ಬಾಳೆಎಲೆ ಒರೆಸುತ್ತಿದ್ದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅವಳು ಮಾತ್ರ ಯಾರೂ ಇಲ್ಲದವಳ ಹಾಗೆ ಬಾಳೆಕಾಯಿ ಹೆಚ್ಚಿದಳು, ಪಾಯಸ ತಿರುವಿದಳು. ಎಣ್ಣೆ ಕಾದ ಮೇಲೆ ಮೊದಲ ವಡೆ ತಟ್ಟಿ ಬಿಟ್ಟು, ತಲೆ ಎತ್ತದೆ, "ಬಾಗಿಲಲ್ಲಿ ಸೆಕೆ ಜಾಸ್ತಿ ಅಮ್ಮಾ, ಫ್ಯಾನಿನ ಅಡಿಗೆ ಹೋಗಿ ಕೂತ್ಕೊಳ್ಳಿ. ಹಿಟ್ಟು ಓಡಿ ಹೋಗೂದಿಲ್ಲ" ಎಂದಳು.

ಯಜಮಾನಿ ಎದ್ದು ಹೋಗಲಿಲ್ಲ.

ಎಲ್ಲ ಮುಗಿದು, ಬ್ರಾಹ್ಮಣರು ಉಂಡು ಕೈ ತೊಳೆದ ಮೇಲೆ, "ಬರುವ ವರ್ಷಕ್ಕೂ ನೀವೇ ಬನ್ನಿ. ಹೀಗೇ, ನಮ್ಮ ಕಣ್ಣೆದುರಿಗೆ" ಎಂದರು ಯಜಮಾನಿ.

"ಕಣ್ಣೆದುರಿಗೆ ಅಂದ್ರೆ ಕೆಲಸ ನಿಧಾನ ಆಗ್ತದೆ" ಎಂದಳು ಇವಳು. "ಒಂದು ಗಂಟೆ ಮೊದಲೇ ಗೇಟು ತೆಗೀಬೇಕು ನೀವು."

ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಬಂದೆವು. ಮುಂದಿನ ವಾರ ಇನ್ನೊಂದು ಮನೆ ಉಂಟಂತೆ, ನಾನೂ ಬರುತ್ತೇನೆ, ಎಲ್ಲಿಗೆ ಬೇಕಾದರೂ ಬರುತ್ತೇನೆ ಎಂದೆ. ಅವಳು ಬಸ್ಸು ಬರುವ ಕಡೆಗೆ ನೋಡಿದಳು.

"ಬೇಡ ಅಕ್ಕ. ನೀವು ಬಂದ್ರೆ ಜನಕ್ಕೆ ಆ ಕತೆ ನೆನಪಾಗ್ತದೆ. ನೀವು ಇಲ್ಲದಿದ್ರೆ ನಾನು ಬರೇ ಅಡುಗೆಯವಳು."

ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು. ನಾನು ನನ್ನ ಬಸ್ಸಿಗೆ ಕಾದೆ. ಆಮೇಲೆ ಯಾವ ಮನೆಗೂ ನಾನು ಅವಳ ಜೊತೆ ಹೋಗಲಿಲ್ಲ.